ಸೊಂಟ ಹಿಡಿಯಿತೆಂದು ಹಾಸಿಗೆ ಹಿಡಿಯಬೇಡಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಡಲೆಂದು ಬಗ್ಗಿದಿರಿ. ನಾಲ್ಕು ಎಳೆ ಎಳೆದು ನೆಟ್ಟಗೆ ನಿಲ್ಲಲು ಹೋದರೆ ಸೊಂಟ ಏಳಗೊಡದು. ಒಂದು ಕೈ ಬಾಗಿಲುವಾಡದ ಮೇಲೆ, ಇನ್ನೊಂದು ನಡುವಿನ ಮೇಲೆ. "ಅಮ್ಮಾ" ಎನ್ನುತ್ತ ಹೇಗೋ ಎದ್ದಿರಿ. ಒಳಗೆ ಹಾಲು ಉಕ್ಕುವ ಹೊತ್ತು, ಮಕ್ಕಳ ಸ್ಕೂಲ್ ವ್ಯಾನು ಬರುವ ಹೊತ್ತು. ನೋವಿದೆ ಅಂತ ಕೂತರೆ ಕೇಳುವವರಾರು?

ಸೊಂಟವಲ್ಲದಿದ್ದರೆ ಮಂಡಿ, ಮಂಡಿಯಲ್ಲದಿದ್ದರೆ ಕತ್ತು. ಅರಿಶಿನ-ಕುಂಕುಮಕ್ಕೆಂದು ನಾಲ್ಕು ಜನ ಹೆಂಗಸರು ಸೇರಿದರೆ ಮೊದಲು ಸೀರೆಯ ಮಾತು, ಆಮೇಲೆ ಮಂಡಿಯ ಮಾತು. ಒಬ್ಬರು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ಮೆಡಿಕಲ್ ಶಾಪಿನ ಗುಳಿಗೆ ಹೇಳುತ್ತಾರೆ. ಮೂರನೆಯವರು, "ಆಪರೇಷನ್ ಮಾಡಿಸ್ಕೊಂಡ್ಬಿಡಿ ಕಣ್ರೀ, ನಮ್ಮ ನಾದಿನಿ ಮಾಡಿಸ್ಕೊಂಡ್ಲು, ಒಂದೇ ಸಲಕ್ಕೆ ಪೀಡೆ ಕಳೀತು" ಎಂದು ತೀರ್ಪು ಕೊಟ್ಟು ಕೋಸಂಬರಿ ತಟ್ಟೆ ಕೈಗೆತ್ತಿಕೊಳ್ಳುತ್ತಾರೆ.

ಈ ಮೂರನೆಯ ಸಲಹೆಯ ಬಗ್ಗೆಯೇ ನಿಮ್ಮೊಡನೆ ನಾಲ್ಕು ಮಾತಾಡಬೇಕಾಗಿದೆ. ಆಪರೇಷನ್ ಕೆಟ್ಟದ್ದೆಂದು ಹೇಳಲು ನಾನು ಹೊರಟಿಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಹಲವು ದೇಶಗಳ ವೈದ್ಯರು ಈ ನೋವುಗಳನ್ನು ಒರೆಗೆ ಹಚ್ಚಿ ನೋಡಿ ಕಂಡುಕೊಂಡದ್ದು ನಮ್ಮ ನಿಮ್ಮ ಅಡಿಗೆಮನೆಯವರೆಗೆ ಸರಿಯಾಗಿ ಬಂದಿಲ್ಲ. ಬಂದಿದ್ದರೆ ನಮ್ಮ ಅತ್ತಿಗೆ ಮೂರು ವಾರ ಮಂಚ ಬಿಟ್ಟು ಇಳಿಯದೆ ಮಲಗುತ್ತಿರಲಿಲ್ಲ.

ಅತ್ತಿಗೆಯ ಊರು ತಿಪಟೂರಿನ ಹತ್ತಿರ. ಆಗ ಅವರಿಗೆ ಐವತ್ತೆರಡು ವಯಸ್ಸು. ಗೌರಿ ಹಬ್ಬದ ಹಿಂದಿನ ದಿನ ತುಂಬಿದ ಗ್ಯಾಸ್ ಸಿಲಿಂಡರನ್ನು ಹಿತ್ತಲಿನಿಂದ ಒಳಗೆ ತರಬೇಕಾಯಿತು. ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣದ ತೂಕವೂ ಸೇರಿದರೆ ಹತ್ತಿರ ಹತ್ತಿರ 30 ಕಿಲೋ. ಗಂಡಸರು ಮನೆಯಲ್ಲಿರಲಿಲ್ಲ. ಒಂದು ಸಲ ಎತ್ತಿದರು, ನಡುವಿನಲ್ಲಿ 'ಚಳಕ್' ಅಂದಿತು. ಸಂಜೆಯ ಹೊತ್ತಿಗೆ ಎಡಗಾಲಿನ ಹಿಂಭಾಗಕ್ಕೂ ಸೆಳೆತ ಇಳಿದಿತ್ತು.

ಅಣ್ಣ ಗಾಬರಿಬಿದ್ದು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಎಂಆರ್‌ಐ ಆಯಿತು. 'ಡಿಸ್ಕ್ ಉಬ್ಬಿದೆ, ಸವೆದಿದೆ' ಎಂದು ವರದಿ ಬಂತು. ಅಲ್ಲಿ ಅತ್ತಿಗೆಯ ಕಾಲು ಮುಟ್ಟಿ ನೋಡಿದ್ದಕ್ಕಿಂತ ಆ ಫಿಲಂ ನೋಡಿದ್ದೇ ಹೆಚ್ಚು. "ಆಪರೇಷನ್ ಬೇಗ ಮಾಡಿಸಿ, ಇಲ್ಲದಿದ್ರೆ ಕಾಲು ಬಿದ್ದುಹೋದೀತು. ಅಲ್ಲೀವರೆಗೂ ಅಲ್ಲಾಡಬೇಡಿ" ಎಂದರಂತೆ. ಹಣ ಹೊಂದಿಸಲು ಸಮಯ ಬೇಕಾಗಿತ್ತು. ಅತ್ತಿಗೆಯ ಎರಡೆಳೆ ಸರವನ್ನು ತೂಕ ಹಾಕಿಸಿ ನೋಡಿದ್ದೂ ಆಯಿತು. ಅಷ್ಟರಲ್ಲಿ ಮೂರು ವಾರ ಕಳೆಯಿತು. ಮಲಗಿದವರ ನೋವು ಕಡಿಮೆಯಾಯಿತೇ? ಇಲ್ಲ. ಬಚ್ಚಲಿಗೆ ಹೋಗಲು ಎದ್ದರೂ ಕಾಲು ನಡುಗುವ ಸ್ಥಿತಿ ಬಂತು.

ಆಗ ಬಂದವರು ನಮ್ಮ ದೂರದ ಸಂಬಂಧಿ, ತಾಲ್ಲೂಕು ಆಸ್ಪತ್ರೆಯಲ್ಲಿದ್ದು ನಿವೃತ್ತರಾದ ವೈದ್ಯರು. ಅವರು ಫಿಲಂ ಕೇಳಲೇ ಇಲ್ಲ. ಮಲಗಿಸಿ ಕಾಲು ಒಂದೊಂದಾಗಿ ಎತ್ತಿಸಿದರು, ತುದಿಗಾಲಲ್ಲಿ ನಿಲ್ಲಿಸಿದರು, ಹಿಮ್ಮಡಿಯಲ್ಲಿ ನಾಲ್ಕು ಹೆಜ್ಜೆ ನಡೆಸಿದರು. "ಉಚ್ಚೆ ಕಟ್ಟುತ್ತಾ? ತೊಡೆ ಸಂದಿಲಿ ಜೋಮು ಹಿಡಿದ ಹಾಗಿದೆಯಾ?" ಎಂದು ನೇರವಾಗಿಯೇ ಕೇಳಿದರು. ಆಮೇಲೆ, "ಕಾಲಲ್ಲಿ ಶಕ್ತಿ ಚೆನ್ನಾಗೇ ಇದೆಯಲ್ಲಮ್ಮಾ. ಏಳು, ಹಜಾರದಲ್ಲಿ ಎರಡು ಸುತ್ತು ನಡಿ. ಇವತ್ತು ಎರಡು, ನಾಳೆ ನಾಲ್ಕು" ಎಂದರು. ಮನೆಯವರಿಗೆಲ್ಲ ದಿಗಿಲು. ನಾನೂ "ಇದೇನು ಹುಡುಗಾಟ" ಎಂದುಕೊಂಡವಳೇ.

ಹುಡುಗಾಟವಾಗಿರಲಿಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಗರಸಭೆಯ ನೌಕರರ ಮೇಲೆ ಒಂದು ಪರೀಕ್ಷೆ ನಡೆಯಿತು. ಅದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಹೊಸದಾಗಿ ಸೊಂಟ ಹಿಡಿದ 186 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಸೊಂಟದ ವ್ಯಾಯಾಮ, ಮೂರನೆಯದಕ್ಕೆ 'ನೋವು ತಡೆದುಕೊಳ್ಳುವಷ್ಟು ಮಟ್ಟಿಗೆ ನಿಮ್ಮ ಮಾಮೂಲಿ ಕೆಲಸ ಮಾಡಿಕೊಂಡಿರಿ' ಎಂಬ ಮಾತು, ಅಷ್ಟೆ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಈ ಮೂರನೆಯವರು. ಎಲ್ಲರಿಗಿಂತ ನಿಧಾನವಾದವರು ಮಲಗಿದವರು. ಬರೀ ಎರಡು ದಿನ ಮಲಗಿದ್ದಕ್ಕೇ ಹೀಗಾದರೆ ಮೂರು ವಾರದ ಗತಿ ಏನೆಂದು ನೀವೇ ಊಹಿಸಿ.

ಹಾಗೆಂದು ನೋವಿನ ಮೇಲೆ ನೋವು ಹಾಕಿಕೊಂಡು ಬಟ್ಟೆ ಒಗೆಯಿರಿ ಎಂದಲ್ಲ! ಮೊದಲ ಒಂದೆರಡು ದಿನ ಭಾರ ಎತ್ತದೆ, ಹಿತವಾದ ಭಂಗಿಯಲ್ಲಿ ಆಗಾಗ ಮಲಗಿ, ಬಿಸಿನೀರಿನ ಚೀಲದಿಂದ ಶಾಖ ಕೊಟ್ಟುಕೊಳ್ಳಿ. ಆದರೆ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ.

ಫಿಲಂನಲ್ಲಿ ಕಂಡದ್ದೆಲ್ಲ ನೋವಲ್ಲ

ಅತ್ತಿಗೆಯನ್ನು ಹೆದರಿಸಿದ್ದು ನೋವಿಗಿಂತ ಹೆಚ್ಚಾಗಿ ಆ ವರದಿ. 'ಸವೆದಿದೆ' ಎಂದು ಓದಿದ ಮೇಲೆ ಬಗ್ಗಿದರೆ ಮುರಿದೇ ಹೋದೇನೆಂಬ ಭಯ. ಈ ವಿಷಯದಲ್ಲಿ ಅಮೆರಿಕದ ವೈದ್ಯರು 1994ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಸ್ವಾರಸ್ಯವಾಗಿದೆ. ಬೆನ್ನುನೋವೇ ಇಲ್ಲದ 98 ಮಂದಿಯನ್ನು ಕರೆದು ಅವರ ಬೆನ್ನಿನ ಎಂಆರ್‌ಐ ತೆಗೆದರು. ಅವರಲ್ಲಿ ನೂರಕ್ಕೆ 52 ಜನರ ಡಿಸ್ಕ್ ಒಂದಲ್ಲ ಒಂದು ಕಡೆ ಉಬ್ಬಿತ್ತು! ಎಲ್ಲ ಡಿಸ್ಕೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ. ಅವರಿಗೆಲ್ಲ ನೋವಿರಲಿಲ್ಲ ಎಂಬುದನ್ನು ಮರೆಯಬೇಡಿ. ತಲೆಗೂದಲು ನೆರೆಯುವ ಹಾಗೆ ಒಳಗಿನ ಡಿಸ್ಕೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ನೆರೆತ ಕೂದಲು ನೋಯುತ್ತದೆಯೇ?

ಆದ್ದರಿಂದ ವರದಿಯೊಂದನ್ನೇ ಹಿಡಿದು ಯಾರಾದರೂ ಆಪರೇಷನ್ ಎಂದರೆ ಸಂಕೋಚಪಡದೆ ಕೇಳಿ: "ಡಾಕ್ಟ್ರೇ, ನನ್ನ ಕಾಲು ಪರೀಕ್ಷೆ ಮಾಡಿದಾಗ ಏನು ಕಂಡಿತು? ಆರು ವಾರ ಕಾದು ನೋಡಿದ್ರೆ ಅಪಾಯ ಇದೆಯೇ?" ಒಳ್ಳೆಯ ವೈದ್ಯರು ಇದಕ್ಕೆ ಸಿಡುಕುವುದಿಲ್ಲ.

ಕಾಲಿಗೆ ಇಳಿಯುವ ಸೆಳೆತದ ಮಾತು ಸ್ವಲ್ಪ ಬೇರೆ. ನೆದರ್ಲೆಂಡ್ಸ್‌ನಲ್ಲಿ ಆರರಿಂದ ಹನ್ನೆರಡು ವಾರ ತೀವ್ರ ಸೆಳೆತದಿಂದ ನರಳಿದ್ದ 283 ಜನರಲ್ಲಿ ಅರ್ಧದಷ್ಟು ಮಂದಿಗೆ ಬೇಗ ಆಪರೇಷನ್, ಉಳಿದವರಿಗೆ ಕಾದುನೋಡುವ ಚಿಕಿತ್ಸೆ ಎಂದು ಹಂಚಿದರು. 2007ರಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ಆಪರೇಷನ್ ಆದವರ ನೋವು ಬೇಗ ಇಳಿಯಿತು, ಅದು ನಿಜ. ಆದರೆ ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95ರಷ್ಟು ಜನ ಚೇತರಿಸಿಕೊಂಡಿದ್ದರು. ಕಾದವರಲ್ಲೂ ನೂರಕ್ಕೆ 39 ಮಂದಿ ನೋವು ತಾಳದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡರೆಂಬುದನ್ನೂ ಮುಚ್ಚಿಡಬಾರದು. ಅಂದರೆ ಅತ್ತಿಗೆಯಂಥವರಿಗೆ ಎರಡು ದಾರಿ ಇದ್ದವು, ಯೋಚಿಸಲು ಸಮಯವೂ ಇತ್ತು. 'ಬೇಗ, ಬೇಗ' ಎಂದು ಸರ ತೂಗಿಸುವ ಅಗತ್ಯ ಇರಲಿಲ್ಲ.

ಮಂಡಿಯ ಪುರಾಣ

ಈಗ ಮಂಡಿಗೆ ಬರೋಣ. ಸಣ್ಣ ತೂತು ಕೊರೆದು, ಕೊಳವೆ ಇಳಿಸಿ, ಮಂಡಿಯೊಳಗನ್ನು ತೊಳೆದು ಕೆರೆದು ಚೊಕ್ಕಟ ಮಾಡುವ ಚಿಕಿತ್ಸೆಯೊಂದಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯರಿಗೆ ಇದರಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂಬುದನ್ನು ನೋಡಬೇಕಿತ್ತು. ಮಂಡಿ ಸವೆದ 180 ಜನರಿಗೆ ಮುಂಚೆಯೇ ಹೇಳಿ ಒಪ್ಪಿಗೆ ಬರೆಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದು ಚೊಕ್ಕಟ ಮಾಡಿದರು, ಇನ್ನೊಂದಕ್ಕೆ ತೊಳೆದರು. ಮೂರನೆಯವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಅನುಮಾನ ಬಾರದಿರಲೆಂದು ನೀರು ಚಿಮುಕಿಸುವ ಸದ್ದನ್ನೂ ಮಾಡಿದರಂತೆ! ಎರಡು ವರ್ಷ ಕಾದು ನೋಡಿದರೆ ಮೂರೂ ಗುಂಪಿನವರ ನೋವು ಒಂದೇ ರೀತಿ. ನಿಜವಾದ ಆಪರೇಷನ್ ಸುಳ್ಳು ಆಪರೇಷನ್ನಿಗಿಂತ ಒಂದು ಗುಲಗಂಜಿಯಷ್ಟೂ ಮೇಲಾಗಿರಲಿಲ್ಲ. ಇದು 2002ರ ಮಾತು. ಸವೆತದ ನೋವಿಗೆ ಹೀಗೆ ತೊಳೆಸಿಕೊಳ್ಳಬೇಕೆಂದು ಈಗಲೂ ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಮಂಡಿಗೆ ಬೇಕಾದ್ದು ಬೇರೆಯೇ ಇದೆ. ಕೀಲಿನ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸ್ಪಂಜನ್ನು ನೀರಿನಲ್ಲಿ ಅದುಮಿ ಬಿಟ್ಟರೆ ಹೇಗೆ ಹೀರುತ್ತದೋ ಹಾಗೆ, ನಡೆಯುವಾಗ ಒತ್ತಿ ಬಿಡುವ ಆಟದಲ್ಲೇ ಅದು ಕೀಲಿನ ದ್ರವದಿಂದ ತನ್ನ ಆಹಾರ ಪಡೆಯುತ್ತದೆ. ಮಂಡಿ ಸವೆದೀತೆಂದು ಕೂತೇ ಇದ್ದರೆ ಅದಕ್ಕೆ ಉಪವಾಸ. ಜೊತೆಗೆ ತೊಡೆಯ ಸ್ನಾಯು ಕರಗಿ, ಹೊರೆಯೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ.

ಮನೆಯಲ್ಲಿ ಮಾಡಬಹುದಾದ ಎರಡೇ ಎರಡು ಹೇಳುತ್ತೇನೆ. ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುರುಳಿ ಸುತ್ತಿ ಇಡಿ. ಮಂಡಿಯ ಹಿಂಭಾಗದಿಂದ ಅದನ್ನು ಒತ್ತಿ, ಐದು ಎಣಿಸಿ ಬಿಡಿ. ಪ್ರತಿ ಕಾಲಿಗೆ ಹತ್ತು ಸಲ. ಎರಡನೆಯದು, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು ಏಳುವುದು. ಮೊದಮೊದಲು ಕೈ ಊರಿಕೊಂಡು ಐದು ಸಲ, ಬರಬರುತ್ತ ಕೈ ಬಿಟ್ಟು ಹತ್ತು ಸಲ. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯುವುದೇ ಇಲ್ಲಿನ ಗುಟ್ಟು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆಯೂ ಹೆಚ್ಚಿನ ನೋವು ಉಳಿದಿದ್ದರೆ ಅರ್ಧಕ್ಕೆ ಇಳಿಸಿ. ಇದು ಪವಾಡವಲ್ಲ. ಇದರಿಂದಾಗುವ ಉಪಶಮನ ಸಾಧಾರಣದ್ದು, ಅದೂ ಮಾಡುತ್ತಿದ್ದರೆ ಉಂಟು, ಬಿಟ್ಟರೆ ಇಲ್ಲ.

ತೂಕದ ಮಾತು ಯಾರಿಗೂ ಇಷ್ಟವಾಗದು, ನನಗೂ ಇಲ್ಲ. ಆದರೂ ಹೇಳಿಬಿಡುತ್ತೇನೆ. ಅಮೆರಿಕದ ಉತ್ತರ ಕರೋಲಿನಾದ ಸಂಶೋಧಕರು ತೂಕ ಹೆಚ್ಚಿದ್ದ ಮಂಡಿನೋವಿನವರನ್ನು ಅಳೆದು 2005ರಲ್ಲಿ ತಿಳಿಸಿದ್ದು: ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಉಳಿದ ಪಾಯಸ ವ್ಯರ್ಥವಾದೀತೆಂದು ನಾವೇ ತಿಂದು ಮುಗಿಸುತ್ತೇವಲ್ಲ, ಆಗ ಈ ಲೆಕ್ಕ ನೆನಪಿಗೆ ಬಂದರೆ ಸಾಕು.

ಕತ್ತಿನ ಹೊರೆ

ಹೊಲಿಗೆ ಮಿಷನ್ ಮುಂದೆ, ಈಳಿಗೆಮಣೆಯ ಮುಂದೆ, ಈಗ ಮೊಬೈಲ್ ಮುಂದೆ ಬಗ್ಗಿಸಿದ ಕತ್ತು ರಾತ್ರಿಯವರೆಗೂ ಬಗ್ಗಿಯೇ ಇರುತ್ತದೆ. ಕತ್ತುನೋವಿನ ಬಗ್ಗೆ ನನಗೆ ಬಹಳ ಮೆಚ್ಚಿಗೆಯಾದ ಪರೀಕ್ಷೆ ಹೆಂಗಸರ ಮೇಲೆಯೇ ನಡೆದದ್ದು. ಅದೂ ಫಿನ್‌ಲೆಂಡಿನಲ್ಲಿ. ಆರು ತಿಂಗಳಿಗೂ ಮಿಕ್ಕಿ ಕತ್ತು ನೋಯುತ್ತಿದ್ದ, ಕಛೇರಿಯಲ್ಲಿ ಕೂತು ಕೆಲಸ ಮಾಡುವ 180 ಮಹಿಳೆಯರು. ಕೆಲವರಿಗೆ ರಬ್ಬರ್ ಪಟ್ಟಿ ಹಿಡಿದು ಕತ್ತಿನ ಸ್ನಾಯು ಬಲಪಡಿಸುವ ವ್ಯಾಯಾಮ, ಕೆಲವರಿಗೆ ಮಲಗಿ ತಲೆ ಎತ್ತುವ ಹಗುರ ವ್ಯಾಯಾಮ, ಉಳಿದವರಿಗೆ ಮೈ ಎಳೆದು ಸಡಿಲಿಸುವುದು ಮುಂತಾದ ಮಾಮೂಲಿ ಸಲಹೆ. ವರ್ಷ ಕಳೆದ ಮೇಲೆ ನೋವು ಬಹಳ ಮಟ್ಟಿಗೆ ಅಥವಾ ಪೂರ್ತಿ ಹೋಯಿತೆಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 73, ಎರಡನೆಯದರಲ್ಲಿ 59, ಮೂರನೆಯದರಲ್ಲಿ 21. ಇದು 2003ರಲ್ಲಿ ಪ್ರಕಟವಾಯಿತು. ವರ್ಷ ಎಂಬ ಪದವನ್ನು ಗಮನಿಸಿ. ಒಂದು ವಾರ ಮಾಡಿ "ಏನೂ ಆಗ್ಲಿಲ್ಲ ಕಣ್ರೀ" ಎನ್ನುವವರಿಗೆ ಈ ಲೆಕ್ಕ ಅನ್ವಯಿಸದು.

ರಬ್ಬರ್ ಪಟ್ಟಿಯ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತೇ ಮಾಡಬೇಕು. ಹೊಸದಾಗಿ ಹಿಡಿದ ಕತ್ತಿಗೆ ಇನ್ನೂ ಸುಲಭದ ದಾರಿಯಿದೆ. ಅಮೆರಿಕದಲ್ಲಿ 272 ಜನರ ಮೇಲೆ ನಡೆದು 2012ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಎರಡೇ ಸಲ ಹೇಳಿಕೊಟ್ಟ ಮನೆ ವ್ಯಾಯಾಮ ಗುಳಿಗೆಗಳಿಗಿಂತ ಹೆಚ್ಚು ಉಪಶಮನ ಕೊಟ್ಟಿತು. ಅವರು ಮಾಡಿದ್ದು ಕತ್ತು, ಭುಜಗಳನ್ನು ನಿಧಾನವಾಗಿ ಆಡಿಸುವುದು. ಎಡಕ್ಕೆ ಬಲಕ್ಕೆ ತಿರುಗಿಸುವುದು, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಇಂಥವು. ಒಂದೊಂದನ್ನೂ ಐದಾರು ಸಲ, ಆದರೆ ದಿನಕ್ಕೆ ಹಲವು ಬಾರಿ. ಅನ್ನಕ್ಕೆ ಇಟ್ಟು ಕುಕ್ಕರಿನ ಕೂಗಿಗೆ ಕಾಯುವ ಹೊತ್ತು ಇದಕ್ಕೆ ಸಾಕು. ತಲೆಯನ್ನು ಬುಗುರಿಯಂತೆ ಗಿರ್ರನೆ ತಿರುಗಿಸಬೇಡಿ, ತಲೆ ಸುತ್ತಿದರೆ ನಿಲ್ಲಿಸಿ.

ಗುಳಿಗೆಯ ಮಾತು ಬಂತಲ್ಲ. ಹೊಸ ಸೊಂಟನೋವಿನ 1652 ಜನರ ಮೇಲೆ ಆಸ್ಟ್ರೇಲಿಯದಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ಯಾರಾಸಿಟಮಾಲ್ ತಿಂದವರಲ್ಲಿ ಅರ್ಧ ಜನ ಗುಣವಾಗಲು 17 ದಿನ ಹಿಡಿದರೆ ಮದ್ದಿಲ್ಲದ ಸುಳ್ಳು ಗುಳಿಗೆ ತಿಂದವರಿಗೆ 16 ದಿನ ಹಿಡಿಯಿತು! ಇನ್ನುಳಿದ ನೋವಿನ ಗುಳಿಗೆಗಳು ನೋವನ್ನೇನೋ ತಗ್ಗಿಸುತ್ತವೆ, ಆದರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬಿಪಿ ಇರುವವರು ಇನ್ನೂ ಎಚ್ಚರದಿಂದಿರಬೇಕು. ಅಂಗಡಿಯವನನ್ನೇ ಡಾಕ್ಟರು ಮಾಡಿಕೊಳ್ಳಬೇಡಿ.

ನಮ್ಮವರೇ ತೋರಿದ ದಾರಿ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಹೆಸರು ನೀವು ಕೇಳಿಯೇ ಇರುತ್ತೀರಿ. ಮೈ ಬಗ್ಗದವರಿಗೂ ಆಸನ ಎಟುಕಲೆಂದು ಅವರು ಕುರ್ಚಿ, ಹಗ್ಗ, ಪಟ್ಟಿ, ಮರದ ತುಂಡುಗಳ ಆಸರೆ ಬಳಸಿದರು. ಅವರ ಪದ್ಧತಿಯನ್ನು ಅಮೆರಿಕದಲ್ಲಿ ಹಳೆಯ ಬೆನ್ನುನೋವಿನ 60 ಜನರ ಮೇಲೆ 16 ವಾರ ಪರೀಕ್ಷಿಸಿದಾಗ ನೋವೂ ತಗ್ಗಿತು, ಗುಳಿಗೆಯೂ ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಯಿತು. ಬೆಂಗಳೂರಿನ ಬಳಿ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 80 ಮಂದಿಯನ್ನು ಒಂದು ವಾರ ಇರಿಸಿಕೊಂಡು ನಡೆಸಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಯೋಗ ಮಾಡಿದವರು ಬೇರೆ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಒಂದೇ ವಾರದ್ದು, ನಿಜ. ಇದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆಸಕ್ತಿಯಿದ್ದರೆ ಬಲ್ಲವರ ಬಳಿ ಕಲಿಯಿರಿ. ಟೀವಿ ನೋಡಿಕೊಂಡು ಹಲಾಸನಕ್ಕೆ ಕೈ ಹಾಕಬೇಡಿ.

ಇವೆಲ್ಲಕ್ಕಿಂತ ಅಗ್ಗದ್ದೂ ಒಂದಿದೆ: ನಡಿಗೆ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯ ಮೇಲೆ ಸಿಡ್ನಿಯ ಸಂಶೋಧಕರು ನಡೆಸಿದ ಪರೀಕ್ಷೆ 2024ರಲ್ಲಿ ಹೊರಬಂತು. ಅವರಲ್ಲಿ ಹೆಚ್ಚಿನವರು ಹೆಂಗಸರೇ. ಮೆಲ್ಲಮೆಲ್ಲನೆ ಏರಿಸಿ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನದವರೆಗೆ ನಡಿಗೆ, ನಡುನಡುವೆ ಫಿಸಿಯೋಥೆರಪಿಯವರ ಮಾರ್ಗದರ್ಶನ. ಸುಮ್ಮನಿದ್ದವರಿಗೆ ಸುಮಾರು 112 ದಿನಕ್ಕೆ ನೋವು ಮರಳಿದರೆ ನಡೆದವರಿಗೆ 208 ದಿನ.

"ಬೆಳಗಿಂದ ರಾತ್ರೀವರೆಗೂ ಮನೇಲೇ ಓಡಾಡ್ತೀನಲ್ಲ, ಅದು ಸಾಲದೇನು?" ಎನ್ನುತ್ತೀರಿ. ಸಾಲದು. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಒಲೆಗೆ ನಾಲ್ಕು ಹೆಜ್ಜೆ, ಅದೂ ಬಗ್ಗಿಕೊಂಡೇ. ಕೈಬೀಸಿ ನೆಟ್ಟಗೆ ನಡೆಯುವುದು ಬೇರೆಯೇ. ನಿಜವಾದ ತೊಡಕು ಏನೆಂದು ನನಗೆ ಗೊತ್ತು. ಆ ಅರ್ಧ ಗಂಟೆ ನಮ್ಮ ಕೈಯಲ್ಲಿಲ್ಲ. ಅತ್ತಿಗೆ ಹೊರಗೆ ನಡೆಯಲು ಶುರುಮಾಡಿದಾಗ ಅವರ ಅತ್ತೆ, ಅಂದರೆ ನಮ್ಮಮ್ಮನೇ, "ಬೀದಿ ಸುತ್ತೋಕೆ ಸೊಂಟ ಇದೆ, ರೊಟ್ಟಿ ತಟ್ಟೋಕೆ ಇಲ್ವಾ?" ಎಂದಿದ್ದು ಈ ಕಿವಿಯಿಂದ ಕೇಳಿದ್ದೇನೆ. ನಾನು ಅಮ್ಮನೊಡನೆ ಜಗಳವಾಡಬೇಕಾಯಿತು. ಆಪರೇಷನ್ನಿಗೆ ಸರ ಮಾರಲು ಒಪ್ಪಿದ ಮನೆ ಅರ್ಧ ಗಂಟೆ ಬಿಟ್ಟುಕೊಡಲು ಕೊಸರಾಡಿದ್ದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಯಾವಾಗ ತಡಮಾಡಬಾರದು?

ಮಲ-ಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಶಕ್ತಿ ದಿನೇ ದಿನೇ ಕುಗ್ಗಿ ಪಾದ ಎಳೆಯತೊಡಗಿದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಆಪರೇಷನ್ ಎಂದರೆ ಈ ಲೇಖನ ಮರೆತುಬಿಡಿ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಬೇಗ ತೋರಿಸಿ. ಬೆನ್ನುಮೂಳೆಗೆ ಕ್ಷಯ ತಗಲುವುದು ನಮ್ಮ ದೇಶದಲ್ಲಿ ಇನ್ನೂ ಉಂಟು, ಅದಕ್ಕೆ ಔಷಧವೂ ಉಂಟು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದ ವಯಸ್ಸಾದವರು, ಮಂಡಿ ಕೆಂಪಾಗಿ ಊದಿ ಜ್ವರ ಬಂದವರು, ಇವರೂ ಕಾಯಬಾರದು.

ಮಂಡಿ ಪೂರ್ತಿ ಸವೆದು ರಾತ್ರಿ ನಿದ್ದೆಯೂ ಇಲ್ಲದವರಿಗೆ ಕೀಲು ಬದಲಾಯಿಸುವ ಆಪರೇಷನ್ ಒಳ್ಳೆಯದೇ ಮಾಡುತ್ತದೆ. ಡೆನ್ಮಾರ್ಕಿನಲ್ಲಿ ಹೀಗೆ ಕೀಲು ಬದಲಾಯಿಸಲು ಯೋಗ್ಯರೆಂದು ಕಂಡುಬಂದ 100 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್ನೂ ವ್ಯಾಯಾಮ ಮೊದಲಾದ ಚಿಕಿತ್ಸೆಯೂ, ಉಳಿದರ್ಧಕ್ಕೆ ಬರೀ ಆ ಚಿಕಿತ್ಸೆಯೂ ಕೊಟ್ಟು 2015ರಲ್ಲಿ ಫಲಿತಾಂಶ ಹೇಳಿದರು. ಆಪರೇಷನ್ ಆದವರ ನೋವು ಹೆಚ್ಚು ಇಳಿದಿತ್ತು. ತೊಂದರೆಗಳೂ ಅವರಲ್ಲೇ ಹೆಚ್ಚು. ಆದರೆ ಆಗದ 50 ಜನರಲ್ಲಿ ಆ ವರ್ಷದೊಳಗೆ ಆಪರೇಷನ್ ಬೇಕೆಂದು ಮಾಡಿಸಿಕೊಂಡವರು 13 ಮಂದಿ ಮಾತ್ರ. ಉಳಿದವರು ಸದ್ಯಕ್ಕೆ ಬೇಡವೆಂದರು.

ಅತ್ತಿಗೆಯ ಕಾಲಿನ ಸೆಳೆತ ಹೋಗಲು ನಾಲ್ಕು ತಿಂಗಳು ಹಿಡಿಯಿತು. ಸೊಂಟ ಈಗಲೂ ಮಳೆಗಾಲದಲ್ಲಿ ಒಮ್ಮೊಮ್ಮೆ ಗೊಣಗುತ್ತದೆ. ನೆಲದ ಮೇಲೆ ಕೂತು ಹೂರಣ ರುಬ್ಬಿಸುವುದು ಬಿಟ್ಟಿದ್ದಾರೆ, ಒಬ್ಬಟ್ಟು ಕಟ್ಟೆಯ ಮೇಲೆ ನಿಂತೇ ತಟ್ಟುತ್ತಾರೆ. ಸಿಲಿಂಡರನ್ನು ಒಳಗೆ ತರುವ ಕೆಲಸ ಅಣ್ಣನದು, ಅವನಿಲ್ಲದಿದ್ದರೆ ಅದು ಬಾಗಿಲಲ್ಲೇ ಇರುತ್ತದೆ. ಎಂಆರ್‌ಐ ಫಿಲಂನ ದೊಡ್ಡ ಲಕೋಟೆ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಮೊನ್ನೆ ಸಂಜೆ ಈ ಲೇಖನಕ್ಕೆಂದು ಏನೋ ಕೇಳಲು ಫೋನ್ ಮಾಡಿದೆ. "ಆಮೇಲೆ ಮಾಡೇ, ಎದುರುಮನೆ ಟೀಚರಮ್ಮ ಗೇಟಲ್ಲಿ ಕಾಯ್ತಾ ಇದಾರೆ, ವಾಕಿಂಗಿಗೆ ಹೊರಟಿದೀವಿ" ಎಂದು ಫೋನ್ ಇಟ್ಟರು. ಹಿಂದಿನಿಂದ ಅಮ್ಮನ ಧ್ವನಿ ಕೇಳಿಸಿತು: "ಬರುವಾಗ ಕರಿಬೇವು ತಗೊಂಡ್ ಬಾರೇ."